ಉಮರ್ಗಾ ಶಾಖೆಯ ‘ಇವತ್ತು’

ಹೋದ ವರ್ಷ ಜೂನ್ ಇಪ್ಪತ್ತೇಳರಂದು ಬೀಜ ವಿತರಣಾ ಸಹಕಾರಿ ಸಂಘದ ಉಮರ್ಗಾ ಶಾಖೆಯಲ್ಲಿ ತಾರೀಖು ಬದಲಾಗುವುದು ನಿಂತಿತು. ಎಲ್ಲವೂ ನಿಯಮದಂತೆಯೇ ನಡೆಯಿತು.

ಸಂಘಕ್ಕೆ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಮೂರು ಶಾಖೆ. ಮೂರಕ್ಕೂ ಸೇರಿ ಒಂದೇ ಎಕ್ಸೆಲ್ ಫೈಲು, ಶಾಖೆಗೊಂದು ಶೀಟು. ಫೈಲಿನ ಒಂದು ಚೌಕದಲ್ಲಿ ಆ ದಿನದ ತಾರೀಖು ಇರುತ್ತಿತ್ತು. ಆ ಚೌಕಕ್ಕೆ ‘ಇವತ್ತು’ ಎಂದು ಹೆಸರಿಟ್ಟಿದ್ದರು. ಯಾವ ಕೆಲಸದ ಗಡುವು ಮೀರಿತು, ಯಾರ ಸೇವೆ ಮುಗಿಯಿತು ಎಂಬುದನ್ನೆಲ್ಲ ಫೈಲು ಆ ಹೆಸರನ್ನು ಕೇಳಿಯೇ ಹೇಳುತ್ತಿತ್ತು.

ಉಮರ್ಗಾದ ಗುಮಾಸ್ತ ರಾಚಯ್ಯನ ಸೇವೆ ಜೂನ್ ಮೂವತ್ತಕ್ಕೆ ಮುಗಿಯುವುದಿತ್ತು. ಮರುದಿನವೇ ಹೆಂಡತಿ ಚಂಪಾಬಾಯಿಯನ್ನು ಶ್ರೀಶೈಲಕ್ಕೆ ಕರೆದೊಯ್ಯಬೇಕು. ಮದುವೆಯಾದ ವರ್ಷ ಕೊಟ್ಟ ಮಾತು ಅದು. ಆಕೆ ಸಜ್ಜೆ ರೊಟ್ಟಿ ಬಡಿದು, ಒಣಗಿಸಿ, ಗಂಟು ಕಟ್ಟಿಟ್ಟಿದ್ದಳು.

ಅಷ್ಟರಲ್ಲಿ, ಇಪ್ಪತ್ತೆಂಟನೆಯ ತಾರೀಖು ಬಂದರೆ ಶಾಖೆಯ ನಲವತ್ತು ಕೆಲಸಗಳು ಗಡುವು ಮೀರಿ ಕೆಂಪಾಗುವ ವಿಷಯ ಶಾಖಾಧಿಕಾರಿ ದಿಗಂಬರರ ಗಮನಕ್ಕೆ ಬಂತು. ಕಂಪ್ಯೂಟರ್ ನೋಡಿಕೊಳ್ಳುವ ಪ್ರಣಿತಾಳನ್ನು ಕರೆಸಿದರು.

“ಈ ಇವತ್ತು ಅನ್ನೂದು ಮೂರೂ ಶಾಖಾಕ್ಕ ಒಂದೇ ಇರಬೇಕಂತ ಕಾಯ್ದೆ ಅದ ಏನು?”

“ಹಂಗೇನಿಲ್ಲ ಸಾಹೇಬ್ರ. ಅದೇ ಹೆಸರು ಒಂದೊಂದು ಶೀಟಿಗೆ ಬ್ಯಾರೆ ಬ್ಯಾರೆ ಇಡಬಹುದು. ತನ್ನದೇ ಸ್ವಂತ ಹೆಸರಿದ್ರ ಶೀಟು ಅದರ ಮಾತೇ ಕೇಳ್ತದ. ಇಡೀ ಫೈಲಿಂದು ಕೇಳಂಗಿಲ್ಲ.”

“ಹಂಗಾದ್ರ ನಮ್ಮ ಇವತ್ತು ನಮಗಿರಲಿ. ಇಪ್ಪತ್ತೇಳು ಛಲೋ ತಾರೀಖು ಅದ.”

ಉಮರ್ಗಾಕ್ಕೆ ಸ್ವಂತ ‘ಇವತ್ತು’ ಮಂಜೂರಾಯಿತು. ನಿಲಂಗಾ ಶಾಖೆ ಇನ್ನೂ ಹಿಂದೆ ಬಿದ್ದಿದ್ದರಿಂದ ಮೇ ಹತ್ತನ್ನು ಇಟ್ಟುಕೊಂಡಿತು. ಉದಗೀರದ ಶಾಖಾಧಿಕಾರಿ ಅಂಬಾದಾಸರಿಗೆ ಸೆಪ್ಟೆಂಬರದಲ್ಲಿ ಬಡ್ತಿ ಇದ್ದುದರಿಂದ ಅಲ್ಲಿ ಸೆಪ್ಟೆಂಬರ ಬಂತು. ಮುಖ್ಯ ಕಚೇರಿ ಪ್ರಕಟಣೆ ಹೊರಡಿಸಿತು: ‘ಸಿಬ್ಬಂದಿ ತಾವು ನಿಂತಿರುವ ಶಾಖೆಯ ತಾರೀಖನ್ನೇ ತಾರೀಖೆಂದು ತಿಳಿಯತಕ್ಕದ್ದು. ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗುವವರು ದಾರಿಯಲ್ಲೇ ತಾರೀಖು ಬದಲಿಸಿಕೊಳ್ಳತಕ್ಕದ್ದು.’

ಊರಿನಲ್ಲಿ ಜುಲೈ ಅರ್ಧ ಕಳೆದಾಗ ರಾಚಯ್ಯ ದಿಗಂಬರರ ಮುಂದೆ ನಿಂತ.

“ಸಾಹೇಬ್ರ, ನಾ ರಿಟಾಯರ್ ಆಗೂದಿತ್ತು.”

“ಆಗ್ರಿ ಸ್ವಾಮಿ. ಯಾರು ಬ್ಯಾಡ ಅಂದಾರ? ಮೂವತ್ತನೇ ತಾರೀಖು ಬರಲಿ.”

“ಯಾವಾಗ ಬರ್ತದ್ರಿ?”

“ಆ ನಲವತ್ತು ಕೆಲಸ ಮುಗದ ಮ್ಯಾಲ. ಅವು ಯಾರ ಟೇಬಲ್ ಮ್ಯಾಲ ಕುಂತಾವ, ನೋಡ್ರಿ.”

ಸಾಹೇಬರ ಟೇಬಲ್ ಮೇಲೆಯೇ ಕೂತಿದ್ದವು.

ರಾಚಯ್ಯ ಉದಗೀರಕ್ಕೆ ವರ್ಗ ಕೇಳಿದ. ಅಂಬಾದಾಸರು ಉತ್ತರ ಕಳಿಸಿದರು: ‘ಅರ್ಜಿದಾರರು ನಮ್ಮಲ್ಲಿ ಜೂನದಲ್ಲೇ ನಿವೃತ್ತರಾಗಿರುವುದರಿಂದ ಕೆಲಸಕ್ಕೆ ಹಾಜರಾಗಲು ಬರುವುದಿಲ್ಲ. ಖುದ್ದಾಗಿ ಬಂದಲ್ಲಿ ಶಾಲು ಹೊದಿಸಲಾಗುವುದು.’ ರಾಚಯ್ಯ ಹೋದ, ಹೊದಿಸಿಕೊಂಡ, ಸಂಜೆಯ ಬಸ್ಸಿಗೆ ಮರಳಿದ. ಬೆಳಗಾದರೆ ಉಮರ್ಗಾದಲ್ಲಿ ಡ್ಯೂಟಿ ಇತ್ತು.

“ಶಾಲು ರಿಟಾಯರ್ ಆಗಿ ಮನಿಗಿ ಬಂತು, ಗಂಡ ಬರಲಿಲ್ಲ,” ಎಂದಳು ಚಂಪಾಬಾಯಿ. “ನಿಮ್ಮ ಆಫೀಸಿನಾಗ ನಾಳಿ ಅನ್ನೂದು ಇಲ್ಲೇನ್ರೀ?”

“ನಿಲಂಗಾದಾಗೂ ಇಲ್ಲ. ಉದಗೀರದಾಗ ಅದ, ಆದ್ರ ಅಲ್ಲಿ ನಾ ಇಲ್ಲ.”

“ಶ್ರೀಶೈಲದ ಮಲ್ಲಯ್ಯ ಎಷ್ಟಂತ ದಾರಿ ನೋಡಬೇಕು? ರೊಟ್ಟಿಗಿ ಹುಳ ಬೀಳ್ತಾವ. ರಜಾನರೆ ಕೇಳ್ರಿ.”

ನಾಳೆಯಿಂದ ರಜೆ ಬೇಕೆಂದು ಬರೆದುಕೊಟ್ಟ. ‘ಬಾರದ ದಿನಕ್ಕೆ ರಜೆ ಇಲ್ಲ’ ಎಂದು ಫೈಲು ತಿರಸ್ಕರಿಸಿತು. ಪ್ರಣಿತಾ ಪರದೆಯನ್ನು ಒಂದು ಗಳಿಗೆ ನೋಡಿದಳು.

“ಕಾಕಾ, ಇವತ್ತಿಂದ ಇವತ್ತಿನ ತನಕ ಅಂತ ಬರೀರಿ.”

“ಶ್ರೀಶೈಲಕ್ಕ ಹೋಗಿ ಬರಲಿಕ್ಕ ಒಂದು ದಿನ ಸಾಲ್ತದೇನವಾ?”

“ಉಮರ್ಗಾದ ದಿನ ಸಾಲ್ತದ.”

ರಜೆ ಮಂಜೂರಾಯಿತು. ಗಂಡ ಹೆಂಡತಿ ಶ್ರೀಶೈಲ ನೋಡಿದರು. ದಿನ ಇನ್ನೂ ಉಳಿದಿತ್ತಾದ್ದರಿಂದ ಕಾಶಿಗೆ ಹೋದರು, ಅಲ್ಲಿಂದ ಕೇದಾರಕ್ಕೆ ಹೋದರು. ಮರಳಿದಾಗ ದೀಪಾವಳಿ ಮುಗಿದು ತೊಗರಿ ಹೂ ಬಿಟ್ಟಿತ್ತು.

“ಬರ್ರಿ ಸ್ವಾಮಿ, ಭಾಳ ಲಗೂ ಬಂದ್ರಿ,” ಎಂದು ದಿಗಂಬರರು ಪ್ರಸಾದ ಕಣ್ಣಿಗೊತ್ತಿಕೊಂಡರು. ತಮಗೂ ಇವತ್ತೊಂದು ದಿನ ರಜೆ ಬೇಕೆಂದು ಬರೆದು ಪುಣೆಯ ಬಸ್ಸು ಹತ್ತಿದರು.

ಪ್ರಣಿತಾ ರಜೆಯ ಲೆಕ್ಕ ತುಂಬಿದಳು. ರಾಚಯ್ಯ ಬಳಸಿದ ರಜೆ: ಒಂದು.