ಸಕ್ಕರೆ ಡಬ್ಬಿಯ ಸುಧಾರಣೆ

ಸುಧಾರಣೆಗೆ ಹೊರಟವರು ಮೊದಲು ಕೈ ಹಾಕುವುದು ಇನ್ನೊಬ್ಬರ ವಸ್ತುವಿಗೇ. ತಮ್ಮ ಗೊರಕೆಯಿಂದ ಶುರು ಮಾಡಿದವರನ್ನು ನಾನಂತೂ ಕಂಡಿಲ್ಲ. ಹೊನ್ನಾವರದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಕುಮಟಾದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತಿಕೆ ಮಾಡುವವಳು ನಾನು. ಹೋದ ತಿಂಗಳು ಅಲ್ಲಿಗೆ ಕೋಟು ಹಾಕಿದ ತರಬೇತುದಾರನೊಬ್ಬ ಬಂದ. ದಿನಕ್ಕೊಂದು ಸಣ್ಣ ಸುಧಾರಣೆ ಮಾಡುತ್ತಾ ಹೋದರೆ ಕೆಲಸವೂ ಬದುಕೂ ಹೊಳೆಯುತ್ತವೆಯಂತೆ. ನಮ್ಮ ಸೆಕೆಯಲ್ಲಿ ಕೋಟು ಬಿಚ್ಚುವ ಸುಧಾರಣೆ ಅವನಿಗೇ ಹೊಳೆದಿರಲಿಲ್ಲ. ಮರುದಿನವೇ ಕಿಟಕಿಯ ಬಳಿಯಿದ್ದ ನನ್ನ ಮೇಜು ಬೀರುವಿನ ಹಿಂದಕ್ಕೆ ಹೋಯಿತು. ಫೈಲು ಹತ್ತಿರವಾಯಿತಂತೆ, ಗಾಳಿ ದೂರವಾದದ್ದನ್ನು ಯಾರೂ ಕೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ತರಬೇತಿಯಲ್ಲಿ ಕೊಟ್ಟ ಪುಸ್ತಿಕೆ ನನ್ನ ಚೀಲದಲ್ಲಿತ್ತು, ಮನೆಯಲ್ಲಿ ನಿವೃತ್ತ ಗಣಿತ ಮಾಸ್ತರರಾದ ನನ್ನ ಗಂಡ ಕೆಲಸವಿಲ್ಲದೆ ಕೂತಿದ್ದರು. ಒಂದೇ ದಿನದಲ್ಲಿ ಓದಿ ಮುಗಿಸಿದರು. ಮೊದಲು ಗಡಿಯಾರ ಹಿಡಿದು ನಾನು ದೋಸೆ ಹೊಯ್ಯುವುದನ್ನು ಅಳೆದರು. "ನೀ ಸುಮ್ಮನೆ ಹನ್ನೊಂದು ಹೆಜ್ಜೆ ಜಾಸ್ತಿ ನಡೀತೆ" ಎಂದರು. ನಡೆಯುವ ಕಾಲು ನನ್ನದು, ನೋವು ಅವರಿಗೆ! ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಿ, ಚೀಟಿ ಅಂಟಿಸಿ, ಹೆಮ್ಮೆಯಿಂದ ಪೇಟೆಗೆ ಹೋದರು.

ಸಂಜೆ ಬಂದು ನೋಡಿದರೆ ಅತ್ತೆಯ ಲೋಟದ ತಳದಲ್ಲಿ ಸ್ವಲ್ಪ ಚಹಾ ಉಳಿದಿತ್ತು. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಕಾಣುವುದಿಲ್ಲ. ಆದರೂ ಮಧ್ಯಾಹ್ನದ ಚಹಾ ತಾವೇ ಮಾಡಿಕೊಳ್ಳಬೇಕು. ಅದೊಂದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಯಾಕೋ ಅನುಮಾನ ಬಂದು ನಾಲಿಗೆಗೆ ಹಚ್ಚಿದೆ. ಉಪ್ಪು! ಕಿಟಕಿಯ ಹತ್ತಿರದ ಹಲಗೆಯಲ್ಲಿ ಸಕ್ಕರೆ ಇರುತ್ತಿದ್ದ ಜಾಗದಲ್ಲಿ ಉಪ್ಪಿನ ಡಬ್ಬಿ ಕೂತಿತ್ತು. ಅಷ್ಟೂ ಉಪ್ಪುಚಹಾವನ್ನು ಅವರು ಸುಮ್ಮನೆ ಕುಡಿದಿದ್ದರು. "ನಾಳೆಯಿಂದ ನೀನೇ ಮಾಡಿಟ್ಟು ಹೋಗು. ಎಂಗೆ ಇನ್ನು ಆಗ್ತಿಲ್ಲೆ" ಎಂದರು.

ಗಂಡ ಒಳಗೆ ಕಾಲಿಡುವುದೇ ತಡ, ಪಕ್ಕದ ಮನೆಯವರು ಟಿವಿ ಸಣ್ಣ ಮಾಡುವಷ್ಟು ಜೋರಾಗಿ ಕೂಗಿದೆ. "ಕಣ್ಣಿಲ್ಲದವರು ನಿಮ್ಮ ಚೀಟಿ ಓದ್ತ್ವಾ? ಮನೆಯಲ್ಲಿದ್ದವರನ್ನ ಒಂದು ಮಾತು ಕೇಳಲಾಗ್ತಿತ್ತಿಲ್ಯಾ?" ಅವರು ತಾವೇ ಕುರ್ಚಿ ಹತ್ತಿ ಚೀಟಿ ಕೀಳತೊಡಗಿದರು.

ಆಗ ಅತ್ತೆ ನಕ್ಕರು. "ಅವಂಗೆ ಎಂತಕ್ಕೆ ಬೈತೆ? ನೀ ಮದುವೆಯಾಗಿ ಬಂದ ವರ್ಷ ಈ ಅಡುಗೆಮನೆನ ನೀನೇ ತಿರುಗಾಮುರುಗಾ ಮಾಡಿದ್ದೆ. ಎಂಗೆ ಆರು ತಿಂಗಳು ಸಕ್ಕರೆ ಸಿಕ್ಕಿದ್ದಿಲ್ಲೆ. ಆನು ಎಂತಾರೂ ಹೇಳಿದ್ನಾ?"

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಕೇಳಿದೆ, "ಸಕ್ಕರೆ ಎಲ್ಲಿಡಲಿ, ಅತ್ತೆ?"

"ಒಲೆ ಎಡಬದಿಗೆ. ಎನ್ನ ಕೈ ಈಗಲೂ ಮೊದಲು ಅಲ್ಲಿಗೇ ಹೋಗ್ತು."

ಅಲ್ಲಿಯೇ ಇಟ್ಟೆ. ಈಗ ಅತ್ತೆಯ ಚಹಾ ಅತ್ತೆಯೇ ಮಾಡಿಕೊಳ್ಳುತ್ತಾರೆ. ನಾನು ಮಾತ್ರ ಬೆಳಗಾದರೆ ಕಿಟಕಿಯ ಹತ್ತಿರದ ಖಾಲಿ ಹಲಗೆಯನ್ನು ತಡಕಿ, ಸಕ್ಕರೆ ಸಿಗದೆ ಗಂಡನನ್ನು ಬೈಯುತ್ತೇನೆ. ತಪ್ಪು ಅವರದಲ್ಲವೆಂದು ಚೆನ್ನಾಗಿ ಗೊತ್ತು. ಆದರೆ ಬೈಯಲು ಮನೆಯಲ್ಲಿ ಬೇರೆ ಯಾರಿದ್ದಾರೆ?