ಶೇಂಗಾ ಚಟ್ನಿಯೊಳಗಿನ ಪುರಾವೆ

ಅನ್ನದಲ್ಲಿ ಕಲ್ಲು ಸಿಕ್ಕರೆ ಲೋಕದ ಜನ ಮುಖ ಕಿವುಚುತ್ತಾರೆ. ನಮ್ಮ ಕಾಕಾರ ಮುಖ ಮಾತ್ರ ಅರಳುತ್ತದೆ. ಮರಾಠಿ ಸೀಮೆಯ ಇಚಲಕರಂಜಿಯ ಶಹಾಪುರದಲ್ಲಿ ಜೀವಮಾನವೆಲ್ಲ ಪವರ್‌ಲೂಮ್ ನಡೆಸಿದ ಈ ಮನುಷ್ಯ ಗ್ರಾಹಕ ಕಾಯದೆಯನ್ನು ಯಾವ ವಕೀಲನಿಗೂ ಬಿಟ್ಟುಕೊಟ್ಟವರಲ್ಲ. ತಟ್ಟೆಯಲ್ಲಿ ಏನಾದರೂ ಸಿಕ್ಕಿತೋ, ಎಡಗೈ ಎತ್ತಿ ಗಂಟಲು ಸರಿಮಾಡಿಕೊಳ್ಳುತ್ತಾರೆ: "ಫೋಟೋ ತಗೀರಿ. ಬಿಲ್ ಇಟಗೋರಿ. ಉಳದದ್ದ ಮುಟ್ಟಬ್ಯಾಡ್ರಿ, ಸೀಲ್ ಮಾಡ್ರಿ, ಅದ ಪುರಾವಾ. ಆಮ್ಯಾಲ ಅನ್ನ ಸುರಕ್ಷಾ ಆಫೀಸು. ಅಲ್ಲೂ ಕೇಳಲಿಲ್ಲಂದ್ರ ಗ್ರಾಹಕ ಮಂಚ, ಅಂದ್ರ ಗ್ರಾಹಕರ ಕೋರ್ಟ."

ಇದನ್ನು ಅವರದೇ ದನಿಯಲ್ಲಿ ಒಪ್ಪಿಸಿ ನಾನು ಬೀಗರ ಮನೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನನಗಿರುವ ವಿದ್ಯೆ ಅದೊಂದೇ.

ಒಮ್ಮೆ ಕೊಲ್ಹಾಪುರದಲ್ಲಿ ಖಾರದ ಮಿಸಳ ತಿನ್ನುವಾಗ ಕಾಕಾರ ತಟ್ಟೆಯಲ್ಲಿ ಬಿಳಿ ಬಟನ್ ಸಿಕ್ಕಿತು. ಹೊಟೇಲಿನ ಮಾಲೀಕ ಬೇರೆ ಪ್ಲೇಟ್ ಕೊಡುತ್ತೇನೆಂದು ಓಡಿಬಂದ.

"ಕಾಕಾ, ದುಸರೀ ಪ್ಲೇಟ್ ದೇತೋ."

"ಪ್ಲೇಟ್ ನಕೋ, ಬಿಲ್ ದ್ಯಾ." ಕಾಕಾರಿಗೆ ಬೇಕಾದದ್ದು ಪ್ಲೇಟಲ್ಲ, ಬಿಲ್ಲು.

ಎಲ್ಲರೂ ಸೇರಿ ಬಟನ್ ನೋಡಿದರು. ಆಮೇಲೆ ಕಾಕಾರ ಅಂಗಿ ನೋಡಿದರು. ಎದೆಯ ಹತ್ತಿರ ದಾರವೊಂದೇ ಜೋತಾಡುತ್ತಿತ್ತು.

ಗಡಹಿಂಗ್ಲಜದ ಮದುವೆಯಲ್ಲಿ ಮಸಾಲೆ ಅನ್ನದೊಳಗೆ ಕಲ್ಲಿನ ಹರಳು ಸಿಕ್ಕಿತು. "ಮದವಿ ಊಟಕ್ಕ ಎಲ್ಲೀ ಕೇಸ್ರಿ ಕಾಕಾ? ಪುಕ್ಕಟ ಉಂಡೀರಿ," ಎಂದೆ.

"ಮದಮಗಳಿಗೆ ಸೀರಿ ಆಯೇರ ಕೊಟ್ಟೇನಲ್ಲೋ. ಅಂದಮ್ಯಾಲ ನಾ ಗ್ರಾಹಕನ."

ಅವರು ಸೋಲುತ್ತಿದ್ದದ್ದು ಮನೆಯಲ್ಲಿ ಮಾತ್ರ. ಅವರ ಹೆಂಡತಿ, ನಮ್ಮ ಕಾಕು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ, ನಡುನಡುವೆ ಎದ್ದು ಅಡಿಗೆ ಮಾಡುವವಳು. ಅವಳ ಸೆರಗಿನಿಂದ, ಜಡೆಯಿಂದ ಎಳೆ ಉದುರದ ದಿನವಿಲ್ಲ. ಪಲ್ಯದಲ್ಲಿ ನೂಲು, ರೊಟ್ಟಿಯಲ್ಲಿ ನೂಲು. "ನಿನ್ನ ಮ್ಯಾಲ ಕೇಸ್ ಹಾಕತೇನಿ ನೋಡ," ಎಂದು ಕಾಕಾ ಎಳೆಯನ್ನು ಎತ್ತಿ ಹಿಡಿದರೆ ಅವಳು ತಿರುಗಿಯೂ ನೋಡದೆ, "ಬಿಲ್ ಐತೇನ್ರಿ?" ಅನ್ನುವಳು. ಕಾಕಾ ಎಳೆಯನ್ನು ಬದಿಗಿಟ್ಟು ಉಣ್ಣುವರು.

ಕಾಕು ತೀರಿಕೊಂಡ ಮೇಲೆ ಊಟ ಖಾನಾವಳಿಯ ಡಬ್ಬಿಯಲ್ಲಿ ಬರುತ್ತದೆ. ಕಲ್ಲಿಲ್ಲ, ಕೂದಲಿಲ್ಲ, ನೂಲಂತೂ ಇಲ್ಲವೇ ಇಲ್ಲ. "ಭಾಳ ಸ್ವಚ್ಛ ಮಾಡ್ತಾರ," ಎಂದು ಕಾಕಾ ದೂರು ಕೊಡುವ ದನಿಯಲ್ಲಿ ಹೇಳುತ್ತಾರೆ. ಅವಳ ಕೈಯದೆಂದು ಉಳಿದದ್ದು ಕುಟ್ಟಿಟ್ಟ ಶೇಂಗಾ ಚಟ್ನಿಯ ಭರಣಿಯೊಂದೇ. ಅದನ್ನೂ ಚಿಟಿಕೆ ಚಿಟಿಕೆಯಾಗಿ ಉಂಡು ತಳ ಕಾಣಿಸಿದ್ದರು.

ಮೊನ್ನೆ ಆ ಚಟ್ನಿಯಲ್ಲಿ ಒಂದು ನೂಲಿನ ಎಳೆ ಬಂತು. ಕಾಕಾ ಎತ್ತಿ ಬೆಳಕಿಗೆ ಹಿಡಿದರು. ಗಂಟಲು ಸರಿಮಾಡಿಕೊಂಡರು. ಎಳೆಯನ್ನು ತಿರುಗಿ ಭರಣಿಯೊಳಗೇ ಇಟ್ಟು, ಮುಚ್ಚಳ ಬಿಗಿದರು.

"ಉಳದದ್ದ ಮುಟ್ಟಬಾರ್ದು. ಪುರಾವಾ ಐತಿ."

ನಗಿಸೋಣವೆಂದು ನಾನು ಕಾಕುವಿನ ದನಿ ತೆಗೆದೆ: "ಬಿಲ್ ಐತೇನ್ರಿ?"

ಕಾಕಾ ನಗಲಿಲ್ಲ. ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ ಅಡಿಗೆಮನೆಯ ಕಡೆ ಮುಖ ಮಾಡಿ ಕೂತರು.

"ಇನ್ನೊಮ್ಮೆ ಅನ್ನೋ," ಎಂದರು.