ಆರು ಕಿಸೆಯ ಚಣ್ಣ

ನಾನು ಬಮ್ಮಿಗಟ್ಟಿಗೆ ಸೊಸೆಯಾಗಿ ಬಂದು ಐದು ವರ್ಷವಾಯಿತು. ಈ ಐದು ವರ್ಷದಲ್ಲಿ ಮನೆಯ ಹಂಚು ಹೋಗಿ ತಗಡು ಬಂತು, ಎಮ್ಮೆ ಎರಡು ಸಲ ಬದಲಾಯಿತು, ನನ್ನ ರವಿಕೆಯ ಅಳತೆ ಮೂರು ಸಲ ಬದಲಾಯಿತು. ಹೋದ ತಿಂಗಳವರೆಗೂ ಬದಲಾಗದೆ ಉಳಿದದ್ದು ಒಂದೇ, ನಮ್ಮವರ ಚಣ್ಣ.

ಅದನ್ನು ತಂದವಳು ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ. (ನಾನು ಹೇಳದಿದ್ದರೆ ಅತ್ತೆ ಹೇಳುತ್ತಾರೆ.) ಹುಬ್ಬಳ್ಳಿಯಲ್ಲಿ ಓದಿ ಬೆಳೆದ ನನಗೆ, ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಗುಡ್ಡ ಹತ್ತಬೇಕೆಂಬ ಆಸೆ. ಲುಂಗಿ ಉಟ್ಟ ಗಂಡನ ಪಕ್ಕ ನಿಂತು ಗುಡ್ಡದ ತುದಿಯಲ್ಲಿ ಫೋಟೋ ತೆಗೆಸಿಕೊಳ್ಳುವುದು ಹೇಗೆ? ಅದಕ್ಕೇ ಹೈಕಿಂಗ್ ಶಾರ್ಟ್ಸ್ ತಂದೆ. ಮಣ್ಣಿನ ಬಣ್ಣ, ಆರು ಕಿಸೆ, ಆರಕ್ಕೂ ಜಿಪ್ಪು. ನಮ್ಮವರು, ಅಂದರೆ ಪುಂಡಲೀಕ, ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ ಸವಿತಾ, ಚಣ್ಣನೋ ಕಪಾಟೋ?" ಅಂದರು. ಕಾಡಿ ಬೇಡಿ ತೊಡಿಸಿದೆ. ಪರ್ವತಾರೋಹಣ ಆರಂಭವಾದ ಹತ್ತನೇ ನಿಮಿಷಕ್ಕೆ ನನ್ನ ಕಾಲು ಉಳುಕಿತು. ಅವರು ನನ್ನನ್ನು ಹೊತ್ತುಕೊಂಡು ಇಳಿದರು. ಅಲ್ಲಿಗೆ ಗುಡ್ಡದ ಅಧ್ಯಾಯ ಮುಗಿದು ಚಣ್ಣದ ಅಧ್ಯಾಯ ಶುರುವಾಯಿತು.

ಭತ್ತದ ಗದ್ದೆಯ ಕೆಸರಿಗೆ ಅದರಂಥದ್ದು ಇನ್ನೊಂದಿಲ್ಲವಂತೆ. ಬಿಸಿಲಿಗೆ ಹಾಕಿದರೆ ಎಮ್ಮೆ ಹಿಂಡಿ ಮುಗಿಸುವಷ್ಟರಲ್ಲಿ ಒಣಗುತ್ತದಂತೆ. ಹರಿಯುವುದೇ ಇಲ್ಲವಂತೆ. (ಇದು ಮಾತ್ರ ನಿಜ. ಎರಡು ಸಲ ಮುಳ್ಳುತಂತಿಗೆ ಸಿಕ್ಕಿತು. ಎರಡು ಸಲವೂ ತಂತಿಯೇ ಹರಿಯಿತು.) ಕಿಸೆಗಳಲ್ಲಿ ಪಂಪಿನ ನಟ್ಟು ತಿರುಗಿಸುವ ಪಾನಾ, ಹಗ್ಗ, ಸೋಯಾ ಬೀಜ, ಒಮ್ಮೆ ಜೀವಂತ ಏಡಿ. ಏಡಿ ಇದ್ದ ವಿಷಯ ನನಗೆ ತಿಳಿದದ್ದು ಒಗೆಯುವಾಗ, ಅದೂ ಏಡಿಯ ಮುಖಾಂತರ.

ಮಗಳು ಅರುಣಾ ಹುಟ್ಟಿದ ಮೇಲೆ ನನ್ನ ನೆಮ್ಮದಿ ಪೂರ್ತಿ ಹಾಳಾಯಿತು. ಸಂಜೆ ಅಪ್ಪ ಕೈಕಾಲು ತೊಳೆದು ಕಟ್ಟೆಗೆ ಕೂತರೆ ಸಾಕು, ಅವಳು ತೊಡೆ ಏರಿ ಜರ್ರನೆ ಜಿಪ್ಪು ಎಳೆದು, ಕಿಸೆಯೊಳಗೆ ಕೈ ಹಾಕಿ, ಆ ಕೈಯನ್ನು ಬಾಯಿಗಿಡುವಳು. ಒಳಗಿನಿಂದ ನೋಡುತ್ತ ನಾನು ಎಣಿಸುತ್ತಿದ್ದೆ. ಗದ್ದೆಯ ಮಣ್ಣು! ಕ್ರಿಮಿ! ಏಡಿಯ ಬಂಧುಬಳಗ!

ಎರಡು ವರ್ಷದ ಕೂಸನ್ನು ನಾನು ಎಷ್ಟು ಜತನದಿಂದ ಬೆಳೆಸುತ್ತಿದ್ದೆ ಎಂಬುದಕ್ಕೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಆಹಾರದ ಚಾರ್ಟೇ ಸಾಕ್ಷಿ. ಬೆಳಿಗ್ಗೆ ಎಂಟಕ್ಕೆ ರಾಗಿ ಗಂಜಿ, ಹನ್ನೊಂದಕ್ಕೆ ಬೇಯಿಸಿ ಅರೆದ ಗಜ್ಜರಿ, ಸಂಜೆ ಆರಕ್ಕೆ ಸೊಪ್ಪಿನ ಸೂಪು. ಕಟಕ ರೊಟ್ಟಿ ನಿಷೇಧ, ಗಂಟಲಿಗೆ ಸಿಕ್ಕೀತು. ಬೆಲ್ಲ ನಿಷೇಧ, ಹಲ್ಲು ಹಾಳಾದೀತು. ಅರುಣಾ ಚಾರ್ಟಿನ ಅರ್ಧವನ್ನು ನನ್ನ ಮುಖಕ್ಕೇ ಉಗುಳುತ್ತಿದ್ದಳು. ಆದರೂ ತಿಂಗಳು ತಿಂಗಳೂ ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರುತ್ತಿತ್ತು. "ಚಾರ್ಟಿನ ಮಹಿಮೆರಿ ಟೀಚರ್," ಎಂದು ನಾನು ಹೇಳಿದಾಗಲೆಲ್ಲ ಅತ್ತೆ ಮೈಲಾರವ್ವನಿಗೆ ಕೆಮ್ಮು ಬರುತ್ತಿತ್ತು. ಆ ಕೆಮ್ಮಿಗೆ ನಾನು ಶುಂಠಿ ಕಷಾಯ ಮಾಡಿ ಕೊಟ್ಟಿದ್ದೂ ಉಂಟು.

ಹೋದ ತಿಂಗಳು ಅತ್ತೆ ಮೊಮ್ಮಗಳಿಗೆ ಕೌದಿ ಹೊಲಿಸಲು ಹಳೆ ಸೀರೆ, ಪಂಜೆಗಳನ್ನೆಲ್ಲ ಗಂಟು ಕಟ್ಟಿದರು. ಹೊಲಿಯುವವರು ಹಿಂದಿನ ಓಣಿಯ ರಹೀಮಾಬಿ. ಆ ಗಂಟು ಕಂಡಾಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಹಗ್ಗದ ಮೇಲೆ ಒಣಗುತ್ತಿದ್ದ ಚಣ್ಣವನ್ನು ಎಳೆದು, ಎರಡು ಸೀರೆಗಳ ನಡುವೆ ತುರುಕಿ, ಗಂಟನ್ನು ನಾನೇ ಹೊತ್ತು ರಹೀಮಾಬಿಯ ಮನೆಗೆ ಮುಟ್ಟಿಸಿ ಬಂದೆ. ಇಂಥ ಸೊಸೆ ಯಾರಿಗುಂಟು ಎಂದು ಅತ್ತೆ ಹೊಗಳಿದರು.

ಸಂಜೆ ನಮ್ಮವರ ಹುಡುಕಾಟ ಶುರುವಾಯಿತು. "ಗಾಳಿಗೆ ಹಾರಿರಬೇಕ್ರಿ," ಅಂದೆ.

"ಯಾವ ಗಾಳೀಲೆ? ಅದರಾಗ ಪಾನಾ ಇತ್ತು! ಪಾನಾ ಇದ್ದ ಚಣ್ಣ ಹಾರಬೇಕಂದ್ರ ಮೊದಲ ನಮ್ಮ ತಗಡು ಹಾರಬೇಕು!"

ತಗಡು ಇದ್ದಲ್ಲೇ ಇತ್ತು. ನಮ್ಮವರು ಪ್ಯಾಂಟು ಹಾಕಿಕೊಂಡು, ತೊಡೆಯ ಮೇಲೆ ಇಲ್ಲದ ಕಿಸೆಗಳನ್ನು ತಡವುತ್ತ ಓಡಾಡಿದರು. ನನ್ನ ವಿಜಯೋತ್ಸವ ಎರಡು ದಿನ ನಡೆಯಿತು.

ಮೂರನೇ ದಿನ ಅರುಣಾ ಊಟ ಬಿಟ್ಟಳು. ಅಪ್ಪನ ತೊಡೆ ಏರುವಳು, ಪ್ಯಾಂಟು ತಡವುವಳು, ಜಿಪ್ಪು ಸಿಗದೆ ಬಾಯಿ ತೆರೆದು ಅಳುವಳು. ಆ ತೆರೆದ ಬಾಯಿಗೆ ನಾನು ಸೂಪು ಹಾಕಿದರೆ ಅದು ಗೋಡೆಗೆ. ಎಂಟು ದಿನ ಹೀಗೇ ಹೋಯಿತು. ಅಂಗನವಾಡಿಗೆ ಒಯ್ದು ತೂಗಿಸಿದರೆ ಮುನ್ನೂರು ಗ್ರಾಂ ಕಡಿಮೆ. ಮನೆಗೆ ಬಂದವಳೇ ಅಳುತ್ತ ಬ್ಯಾಗಿಗೆ ಬಟ್ಟೆ ತುಂಬತೊಡಗಿದೆ. "ಈಗಿಂದೀಗ ಹುಬ್ಬಳ್ಳಿಗೆ ಹೋಗೂಣು ನಡೀರಿ. ದೊಡ್ಡ ಡಾಕ್ಟರಿಗೆ ತೋರಸೂಣು."

ಅತ್ತೆ ಬ್ಯಾಗಿನ ಮೇಲೆ ಕೈ ಇಟ್ಟರು. "ಡಾಕ್ಟರ್ ಯಾಕ ಬೇ? ಕೂಸಿಗೆ ಬ್ಯಾನಿ ಇಲ್ಲ. ಚಣ್ಣ ಇಲ್ಲ."

"ಏನಂದ್ರಿ ಅತ್ತಿ?"

"ಹೇಳಲೇ ಪುಂಡ್ಯಾ. ಎಷ್ಟ ದಿನ ಮುಚ್ಚತಿ?"

ನಮ್ಮವರು ತಗಡು ನೋಡುತ್ತ ಹೇಳಿದರು. "ಎಡಗಡೆ ಕಿಸೇದಾಗ ರೊಟ್ಟಿ ಚೂರು ಇಡ್ತಿದ್ದೆ. ಬಲಗಡೆ ಶೇಂಗಾ ಉಂಡಿ ಪುಡಿಮಾಡಿ. ಕೂಸು ಜಿಪ್ಪ ಎಳೀತಿತ್ತು, ತಿಂತಿತ್ತು. ಕೈಯಾಗ ಕೊಟ್ರ ಮುಟ್ಟೂದಿಲ್ಲ. ಕಿಸೆ ದಿನಾ ತೊಳೀತಿದ್ದೆ ಮತ್ತ."

"ಯಾವಾಗಿಂದ?"

"ಹಲ್ಲು ಬಂದಾಗಿಂದ."

"ಮತ್ತ ನನ್ನ ಚಾರ್ಟು? ಗಜ್ಜರಿ? ಸೂಪು?"

"ಉಳದದ್ದೆಲ್ಲಾ ಎಮ್ಮಿಗೆ ಹಾಕೇನಿ ತಗೋ," ಅಂದರು ಅತ್ತೆ. "ಎಮ್ಮಿ ಅಗದಿ ಛಲೋ ಆಗೇತಿ."

"ಅಂದ್ರ ಈ ಮನ್ಯಾಗ ನನಗೊಬ್ಬಾಕಿಗೇ ಗೊತ್ತಿರಲಿಲ್ಲೇನ್ರಿ?"

"ಎಮ್ಮಿಗೂ ಗೊತ್ತಿತ್ತವಾ."

ಇನ್ನು ನನ್ನ ಸರದಿ. ಬ್ಯಾಗಿನ ಬಟ್ಟೆಗಳನ್ನು ನೋಡುತ್ತ, "ಚಣ್ಣ ಹಾರಿಲ್ರಿ. ಕೌದಿ ಗಂಟಿನಾಗ ಐತಿ," ಅಂದೆ. ಅತ್ತೆಗೆ ಈ ಸಲ ಕೆಮ್ಮು ಬರಲಿಲ್ಲ, ನೇರ ನಗುವೇ ಬಂತು.

ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹಿಂದಿನ ಓಣಿಗೆ ಓಡಿದೆ. ರಹೀಮಾಬಿಯ ಪಡಸಾಲೆಯ ತುಂಬ ಕೌದಿ ಹಾಸಿತ್ತು. ನಟ್ಟನಡುವೆ, ಎರಡೂ ಕಾಲು ಚಾಚಿ, ನಮ್ಮವರ ಚಣ್ಣ ಅಂಗಾತ ಮಲಗಿತ್ತು.

"ಚಾಚಿ, ಹೊಲಿದ ಬಿಟ್ರೇನ್ರಿ!"

"ಹೌದವಾ. ಮೂರು ಸೂಜಿ ಮುರದ್ವು, ಏನ್ ಅರಿವಿ ಅದು! ನಿನ್ನ ಮಗಳ ಮೊಮ್ಮಕ್ಕಳ ತನಕಾ ತಡೀತೈತಿ. ಇದರಾಗ ಈ ಪಾನಾ ಸಿಕ್ತು, ಒಯ್ಯಿ."

"ಕಿಸೆ?"

"ಕಿಸೆ ಆರೂ ಹಂಗ ಬಿಟ್ಟೇನಿ. ಕೌದಿ ಹೊಟ್ಟಿ ಖಾಲಿ ಬಿಡಬಾರದಲ್ಲವಾ? ಖಾಲಿ ಬಿಟ್ರ ಅದರ ಮ್ಯಾಲ ಮಲಗಿದವರೂ ಹಸಕೊಂಡ ಇರ್ತಾರ. ಕಡೀ ಮೂಲಿ ಹೊಲಿಯೂ ಮುಂದ ಒಂದ ಚೂರ ರೊಟ್ಟಿ ಒಳಗ ಇಟ್ಟು ಹೊಲೀತೇವಿ. ಈ ಕೌದೀಗೆ ಅಲ್ಲಾನೇ ಕಿಸೆ ಕೊಟ್ಟಾನ, ಅದರಾಗ ಇಟ್ಟೇನಿ."

ಮಾತು ಮುಗಿಯುವ ಮೊದಲೇ ಅರುಣಾ ನನ್ನ ಸೊಂಟದಿಂದ ಜಾರಿ ಕೌದಿಯ ನಡುವೆ ಕೂತಳು. ಜರ್ರ್! ರೊಟ್ಟಿ ಹೊರಗೆ ಬಂತು, ಬಾಯೊಳಗೆ ಹೋಯಿತು. ಕಟಕ್, ಕಟಕ್. ಗಂಟಲಿಗೆ ಸಿಕ್ಕೀತು ಎಂದು ಕೂಗಬೇಕೆಂದುಕೊಂಡೆ. ಬದಲಿಗೆ, "ಇನ್ನೊಂದ ಚೂರ ಇದ್ರ ಕೊಡ್ರಿ ಚಾಚಿ," ಅಂದೆ.

ಈಗ ಅರುಣಾ ಕೌದಿಯ ಮೇಲೆ ಕೂತರಷ್ಟೇ ಊಟ. ಕೌದಿಯ ತೂಕ ಅವಳ ತೂಕದ ಅರ್ಧ ಇದೆ. ಅದನ್ನು ಹೆಗಲ ಮೇಲೆ ಹೇರಿಕೊಂಡು ನಾನು ಅಂಗನವಾಡಿಗೂ, ಹುಬ್ಬಳ್ಳಿಯ ತವರಿಗೂ, ಬಸ್ಸಿಗೂ ತಿರುಗುತ್ತಿದ್ದೇನೆ. ಗುಡ್ಡ ಹತ್ತುವವರೂ ಇಷ್ಟು ಹೊರುವುದಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ ಮುರಿದು, ಉಂಡಿ ಪುಡಿಮಾಡಿ ಕಿಸೆ ತುಂಬುವ ಕೆಲಸವೂ ನನ್ನದೇ. ನಮ್ಮವರು ಹೊಸ ಚಣ್ಣ ತಂದುಕೊಂಡಿದ್ದಾರೆ. ಅದಕ್ಕೆ ಎಂಟು ಕಿಸೆ.

ನಿನ್ನೆ ತೂಗಿಸಿದಾಗ ನಾನೂರು ಗ್ರಾಂ ಏರಿತ್ತು. "ಸವಿತಾ, ನಿಮ್ಮ ಚಾರ್ಟ್ ಭಾರಿ ಐತ್ರಿ. ನಮಗೂ ಕೊಡ್ರಿ, ಗ್ವಾಡಿಗೆ ಹಚ್ಚತೀನಿ," ಅಂದರು ಟೀಚರ್. ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮನೆಗೆ ಬಂದು ಕೂಸನ್ನು ಕೌದಿಯ ಮೇಲೆ ಬಿಟ್ಟು, ಫ್ರಿಜ್ಜಿನ ಕಡೆ ನೋಡಿದರೆ ಬಾಗಿಲು ಬೋಳು.

"ಅತ್ತಿ, ಚಾರ್ಟ್ ಎಲ್ಲೈತ್ರಿ?"

"ಮುಂಜಾನೆ ರೊಟ್ಟಿ ಐದ ಕಿಸೇಗೆ ಅಷ್ಟ ಆದ್ವು ನೋಡ. ಆರನೇದ್ದು ಖಾಲಿ ಬಿಡಬಾರದಂತ ಅದನ್ನ ಮಡಚಿ ಇಟ್ಟೇನಿ."

ಓಡಿದೆ. ಆರನೇ ಜಿಪ್ಪು ತೆರೆದಿತ್ತು. ಅರುಣಾ ಶ್ರದ್ಧೆಯಿಂದ ಏನನ್ನೋ ಜಗಿಯುತ್ತಿದ್ದಳು. ಬಾಯಿಗೆ ಬೆರಳು ಹಾಕಿ ತೆಗೆದೆ. ಹನ್ನೊಂದರ ಗಜ್ಜರಿ ಕಾಗದದ ಮುದ್ದೆಯಾಗಿ ಹೊರಗೆ ಬಂತು. ಸಂಜೆ ಆರರ ಸೂಪು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಮೊಟ್ಟಮೊದಲ ಸಲ ಅವಳು ಅದನ್ನು ಉಗುಳದೆ ನುಂಗಿದ್ದಳು.